ಆಂಡಿ ಗೌಂಡರಿಗೆ ಬಿದ್ದ ಎರಡು ಏಟು

ಕೂರುವ ಮೊದಲು ಯಾರ ಪಕ್ಕದಲ್ಲಿ ಕೂರುತ್ತಿದ್ದೇವೆ ಎಂದು ನೋಡಿಕೊಳ್ಳಬೇಕೆಂಬುದನ್ನು ಮಲ್ಲಪ್ಪನ್‌ಪಟ್ಟಿಯ ಆಂಡಿ ಗೌಂಡರು ಐವತ್ತಾರನೆಯ ವಯಸ್ಸಿನಲ್ಲಿ ಕಲಿತರು. ಕಲಿಸಿದವರು ಪೊಲೀಸಿನವರು.

ತಮಿಳು ಸೀಮೆಯ ಕಂಬಂ ಪೇಟೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ಹೋದರೆ ಮಲ್ಲಪ್ಪನ್‌ಪಟ್ಟಿ. ಸುತ್ತಲೂ ದ್ರಾಕ್ಷಿ ಚಪ್ಪರ. ಅಲ್ಲಿಯ ಜನ ಚಪ್ಪರದ ಕೆಳಗೆ ನಿಂತು ಕೂಲಿಯವರನ್ನು ಬೈಯುವುದು ತಮಿಳಿನಲ್ಲಿ, ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಳ್ಳುವುದು ಕನ್ನಡದಲ್ಲಿ. ಒಂದು ದಿನ ಬೆಳಿಗ್ಗೆ ಗೌಂಡರು ತೋಟಕ್ಕೆ ಹೋಗಿ ನೋಡಿದರೆ ಬಾವಿಯ ಮೋಟಾರು ಇರಲಿಲ್ಲ. ಪೈಪು ಇತ್ತು, ವೈರು ಇತ್ತು, ಮೋಟಾರು ಕೂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಗೌಂಡರು ಮನೆಗೆ ಬಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಆಧಾರ್ ಕಾರ್ಡಿನ ಜೆರಾಕ್ಸ್ ಜೇಬಿಗಿಟ್ಟುಕೊಂಡು, ದೂರು ಕೊಡಲು ಠಾಣೆಗೆ ಹೊರಟರು.

ಠಾಣೆಯಲ್ಲಿ ಇದ್ದದ್ದು ಒಂದೇ ಬೆಂಚು. ಯಾವುದೋ ಮದುವೆ ಜಗಳದ ಎರಡೂ ಕಡೆಯವರು ಅದರ ಮೇಲೆ ಒತ್ತಿಕೊಂಡು ಕೂತಿದ್ದರು. ಗೋಡೆಯ ಪಕ್ಕ ನೆಲದ ಮೇಲೆ ಏಳು ಮಂದಿ ಸಾಲಾಗಿ ಕೂತಿದ್ದರು. ಅವರಲ್ಲಿ ಬಾಳೆಗೊನೆ ಲಾರಿಗೆ ತುಂಬುವ ಮಾರಿಮುತ್ತು ಗೌಂಡರಿಗೆ ಗುರುತಿನವನು. ಠಾಣೆಯಲ್ಲಿ ಒಂದು ಗುರುತಿನ ಮುಖ ಕಂಡಿತಲ್ಲ ಎಂಬ ಸಮಾಧಾನದಿಂದ ಗೌಂಡರು ಅವನ ಪಕ್ಕ ಹೋಗಿ ಕೂತರು.

"ಏನ್ ಮಾರಿಮುತ್ತು, ನಿಂದೂ ಮೋಟ್ರು ಹೋಯ್ತಾ?"

"ಇಲ್ಲಣ್ಣ, ನಮ್ದು ಬೇರೆ," ಎಂದ ಮಾರಿಮುತ್ತು, ನೆಲ ನೋಡುತ್ತಾ.

ಅವರದು ಬೇರೆಯೇ ಆಗಿತ್ತು. ತೆಂಗಿನ ತೋಪಿನಲ್ಲಿ ಇಸ್ಪೀಟು ಆಡುತ್ತಿದ್ದ ಎಂಟು ಮಂದಿಯನ್ನು ಪೊಲೀಸರು ಹಿಡಿದು ತಂದಿದ್ದರು. ಅವರಲ್ಲಿ ಒಬ್ಬ ಹಿತ್ತಿಲಿಗೆ ಹೋಗಿ ಬರುತ್ತೇನೆಂದು ಹೇಳಿ ಹೋದವನು ಗೋಡೆ ಹಾರಿ ಬಾಳೆತೋಟ ಸೇರಿದ್ದ. ಕಾವಲಿಗಿದ್ದ ಹೆಡ್ ಕಾನ್‌ಸ್ಟೇಬಲ್ ಸಾಹೇಬರಿಗೆ ಏನು ಹೇಳುವುದೆಂದು ಬೆವರುತ್ತಿದ್ದಾಗಲೇ ಸಬ್ ಇನ್‌ಸ್ಪೆಕ್ಟರ್ ಎಳಿಲ್ ಒಳಗೆ ಬಂದು ಸಾಲನ್ನು ಎಣಿಸಿದರು. ಎಂಟು. ಹೆಡ್ ಕಾನ್‌ಸ್ಟೇಬಲ್ ತಾವೂ ಎಣಿಸಿದರು. ಎಂಟು. ಲೆಕ್ಕ ಸರಿಯಾಗಿರುವಾಗ ಹೆಚ್ಚು ವಿಚಾರ ಮಾಡಬಾರದೆಂದು ಅವರು ಟೀ ಕುಡಿಯಲು ಹೊರಗೆ ಹೋದರು.

ಗೌಂಡರು ಎದ್ದು ನಿಂತು, "ಸಾರ್, ನಾನು ಮೋಟಾರು ವಿಷಯಕ್ಕೆ ಬಂದದ್ದು," ಎಂದರು. ಪೊಲೀಸಿನವರ ಜೊತೆಗಿನ ಮಾತೆಲ್ಲ ತಮಿಳಿನಲ್ಲೇ ನಡೆದದ್ದು. ಅರ್ಥ ಕೆಡದಂತೆ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಇಲ್ಲಿಗೆ ಎಲ್ಲರೂ ಏನೋ ಒಂದು ವಿಷಯಕ್ಕೇ ಬಂದಿರೋದು," ಎಂದು ಎಸ್ಐ ಎಳಿಲ್ ಕೆನ್ನೆಗೆ ಒಂದು ಏಟು ಕೊಟ್ಟರು. ಗೌಂಡರು ಕೂತರು. ಸ್ವಲ್ಪ ಹೊತ್ತಿನ ಮೇಲೆ ಎಸ್ಐ ರಿಜಿಸ್ಟರು ತೆಗೆದು ಹೆಸರು ಕೇಳಿದರು. ಬಾಯಿ ತೆರೆದರೆ ಬೀಳುತ್ತದೆಂದು ಆಗಲೇ ತಿಳಿದಿದ್ದ ಗೌಂಡರು ಸುಮ್ಮನಿದ್ದರು. ಸುಮ್ಮನಿದ್ದುದಕ್ಕೆ ಇನ್ನೊಂದು ಬಿತ್ತು. ಮಾತಾಡಿದ್ದಕ್ಕೆ ಒಂದು, ಮಾತಾಡದ್ದಕ್ಕೆ ಒಂದು. ಇವೆರಡೂ ಅಲ್ಲದ ಮೂರನೆಯ ದಾರಿ ಯಾವುದಿರಬಹುದೆಂದು ಗೌಂಡರು ಸಂಜೆಯವರೆಗೆ ಯೋಚಿಸಿದರು, ಹೊಳೆಯಲಿಲ್ಲ.

ಸಂಜೆ ಎಂಟು ಮಂದಿಯನ್ನೂ ನಿಲ್ಲಿಸಿ, ಮುಂದೆ ಮೇಜಿನ ಮೇಲೆ ಇಸ್ಪೀಟಿನ ಎಲೆ ಹರಡಿ ಫೋಟೋ ತೆಗೆದರು. ಏಳು ಮಂದಿ ಲುಂಗಿ, ಬನಿಯನ್ನಿನಲ್ಲಿದ್ದರು. ನಡುವೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಗೌಂಡರು. ನೋಡಿದವರಿಗೆ, ಉಳಿದವರು ಆಡುವವರು, ಇವರು ಆಡಿಸುವವರು ಎಂದು ಯಾರೂ ಹೇಳದೆ ತಿಳಿಯುತ್ತಿತ್ತು. ಆಮೇಲೆ ಜಾಮೀನಿನ ಕಾಗದಕ್ಕೆ ಸಹಿ ಹಾಕಿಸಿ ಬಿಟ್ಟುಬಿಟ್ಟರು.

ಅವರು ಹತ್ತಿದ ಬಸ್ಸಿಗಿಂತ ಮುಂಚೆ ಫೋಟೋ ಊರು ಸೇರಿತ್ತು. ಹೆಂಡತಿ ನಾಗಮ್ಮಾಳ್ ಬಾಗಿಲಲ್ಲೇ ನಿಂತಿದ್ದರು.

"ಎಷ್ಟ್ ಏಟು?" ಎಂದು ಕೇಳಿದರು.

ಆ ಕಡೆ ಹೆಡ್ ಕಾನ್‌ಸ್ಟೇಬಲ್ಲಿಗೆ ತಮಿಳಿನಲ್ಲಿ 'ಏಟ್ಟು' ಎನ್ನುತ್ತಾರೆ. ದಿನವೆಲ್ಲ ತಮಿಳು ಕೇಳಿ ಬಂದಿದ್ದ ಗೌಂಡರು, "ಏಟ್ಟು ಒಬ್ರೇ. ಅವ್ರೂ ಟೀ ಕುಡಿಯಾಕ್ ಹೋಗಿದ್ರು," ಎಂದರು.

"ನಾ ಕೇಳಿದ್ದು ಕೆನ್ನೆಗೆ ಬಿದ್ದದ್ದ."

"ಅದಾ. ಅದು ಎರಡು."

ನಾಗಮ್ಮಾಳ್ ಮತ್ತೇನೂ ಕೇಳದೆ ನೀರು ಕಾಯಿಸಲು ಹೋದರು. ಅವರು ಬೈಯದೆ ಹೋದದ್ದನ್ನು ಕಂಡು ಗೌಂಡರಿಗೆ ಠಾಣೆಯಲ್ಲಿ ಆಗದ ಭಯ ಮನೆಯಲ್ಲಿ ಆಯಿತು.

ಮರುದಿನದಿಂದ ಊರು ಅವರನ್ನು ಬೇರೆ ಕಣ್ಣಿನಿಂದ ನೋಡತೊಡಗಿತು. ಪಕ್ಕದ ಮನೆಯ ಮುದುಕಿ ರಾಜಮ್ಮಾಳ್ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟು, ಸಮಾಧಾನದ ಮಾತೆಲ್ಲ ಹೇಳಿ, ಹೋಗುವಾಗ ಮೆಲ್ಲಗೆ, "ಗೆದ್ದಾ, ಸೋತಾ?" ಎಂದು ಕೇಳಿದರು. ಟೀ ಅಂಗಡಿಯಲ್ಲಿ ಗುರುತಿಲ್ಲದ ಇಬ್ಬರು ಎದ್ದು ಜಾಗ ಬಿಟ್ಟುಕೊಟ್ಟು, "ಮುಂದಿನ ಆಟ ಯಾವ ತೋಪಿನಲ್ಲಿ ಅಣ್ಣ?" ಎಂದರು. ಇದನ್ನೆಲ್ಲ ಗೌಂಡರು ಸಹಿಸಿಕೊಂಡರು. ಸಹಿಸಲು ಆಗದ್ದು ಒಂದೇ. ಹತ್ತೊಂಬತ್ತು ವರ್ಷದಿಂದ ತೈಪೂಸದ ಹಬ್ಬಕ್ಕೆ ಊರಿನವರು ಪಳನಿಗೆ ನಡೆದು ಹೋಗುವಾಗ ಸ್ವಾಮಿಯ ಈಟಿಯಾದ ವೇಲು ಹಿಡಿದು ಮುಂದೆ ನಡೆಯುವವರು ಗೌಂಡರೇ. ಯಾತ್ರೆಯ ತಂಡದವರು ಬಂದು ಜಗಲಿಯ ಮೇಲೆ ಕೂತು, ಬಿಸಿಲಿನ ಬಗ್ಗೆ ಮಾತಾಡಿ, ದ್ರಾಕ್ಷಿಯ ಬಗ್ಗೆ ಮಾತಾಡಿ, ಕೊನೆಗೆ, "ಈ ವರ್ಷ ನೀವು ಮುಂದೆ ಬೇಡ ಅಣ್ಣ, ಹಿಂದೆ ಬನ್ನಿ. ಪೇರು ಸ್ಟೇಷನ್‌ನಾಗೆ ಅದೆ," ಎಂದರು. ಪೇರು ಎಂದರೆ ಹೆಸರು. ಆ ದಿನ ಗೌಂಡರು ಊಟ ಬಿಟ್ಟರು.

ಒಡ್ಡನ್‌ಛತ್ರಂನಿಂದ ನಾಗಮ್ಮಾಳರ ತಮ್ಮ ಲಕ್ಷ್ಮಣನ್ ಓಡಿ ಬಂದ. ಅಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ ಅವನದು ಕಮಿಷನ್ ಮಂಡಿ. ಅದೇ ದಿನ ಗೌಂಡರ ತಮ್ಮನ ಮಗಳು ಯುವಶ್ರೀಯೂ ಬಂದಳು. ತೇನಿಯಲ್ಲಿ ಕಾನೂನು ಓದುವ ಹುಡುಗಿ. ಮನೆಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಆಡಲು ಹೋದರೆ ನಾಲ್ಕು ಪದದಲ್ಲಿ ಮೂರು ತಮಿಳು.

"ಪೆರಿಯಪ್ಪ, ಬಿಡಬಾರದು. ಮನಿದ ಉರಿಮೆ ಆಣೈಯಕ್ಕೆ ಬರೀತೀನಿ," ಎಂದಳು.

ನಾಗಮ್ಮಾಳ್ ಅಡುಗೆಮನೆಯಿಂದ ಇಣುಕಿದರು. "ಮನುಷ್ಯನಿಗೆ ಉರಿಯಾ? ಎಲ್ಲಿ ಉರೀತಾದೆ?"

"ಉರಿ ಅಲ್ಲ ಪೆರಿಯಮ್ಮ. ಉರಿಮೆ ಅಂದ್ರೆ ಹಕ್ಕು. ಮಾನವ ಹಕ್ಕು ಕಮಿಷನ್. ದಿಲ್ಲೀಲಿದೆ."

ಕಮಿಷನ್ ಎಂದ ಕೂಡಲೇ ಲಕ್ಷ್ಮಣನ್ ನೆಟ್ಟಗೆ ಕೂತ. "ಎಷ್ಟು ಪರ್ಸೆಂಟ್ ಹಿಡೀತಾರೆ?"

"ಏನೂ ಹಿಡಿಯಲ್ಲ ಮಾಮ. ಅವರು ವಿಚಾರಿಸೋ ಕಮಿಷನ್."

"ಏನೂ ಹಿಡಿಯದೆ ಯಾರಮ್ಮ ವಿಚಾರಿಸ್ತಾರೆ," ಎಂದು ಲಕ್ಷ್ಮಣನ್ ಮತ್ತೆ ಒರಗಿಕೊಂಡ. ಅವನಿಗೆ ಆ ಸಂಸ್ಥೆಯ ಮೇಲಿನ ನಂಬಿಕೆ ಅಲ್ಲಿಗೇ ಹೋಯಿತು.

ಯುವಶ್ರೀ ಫೋನಿನಲ್ಲೇ ದೂರು ಬರೆದು ಕಳಿಸಿದಳು. ಅರ್ಧ ಗಂಟೆಯೊಳಗೆ ದೆಹಲಿಯಿಂದ ಒಂದು ಸಂದೇಶ ಬಂತು: ದೂರು ಸ್ವೀಕರಿಸಲಾಗಿದೆ, ಅದರ ನಂಬರು ಇಂಥದ್ದು. ಹನ್ನೊಂದು ಅಂಕಿಯ ಆ ನಂಬರನ್ನು ನೋಡಿ ಗೌಂಡರ ಮುಖಕ್ಕೆ ಮೊದಲ ಸಲ ರಕ್ತ ಬಂತು. ಪೊಲೀಸಿನವರು ಕೇಳಿದಾಗ ತನ್ನ ಹೆಸರೇ ಬಾಯಿಗೆ ಬಾರದ ಮನುಷ್ಯ ಆ ಹನ್ನೊಂದು ಅಂಕಿಯನ್ನು ಊಟ ಮುಗಿಯುವುದರೊಳಗೆ ಬಾಯಿಪಾಠ ಮಾಡಿದರು.

ದೂರಿನ ನಂಬರೆಂದರೆ ಆಸ್ಪತ್ರೆಯ ಟೋಕನ್ ಇದ್ದ ಹಾಗೆ, ಅದು ಕೈಲಿದ್ದರೆ ಡಾಕ್ಟರು ನೋಡಿದಂತೆ ಆಗುವುದಿಲ್ಲ ಎಂದು ಯುವಶ್ರೀ ವಿವರಿಸಿದಳು. ಗೌಂಡರು ತಲೆಯಾಡಿಸಿದರು. ಆದರೆ ಅವರಿಗೆ ಅರ್ಥವಾದದ್ದು, ದೆಹಲಿಯವರು ತಮ್ಮನ್ನು ಎಣಿಸಿಕೊಂಡಿದ್ದಾರೆ ಎಂದು. ಮರುದಿನ ರೇಷನ್ ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎಂದಾಗ ಅವರು ಜಗಳವಾಡಲಿಲ್ಲ. ಮೆಲ್ಲಗೆ ಆ ಹನ್ನೊಂದು ಅಂಕಿ ಹೇಳಿ, "ನನ್ ಪೇರು ದಿಲ್ಲೀಲಿ ಅದೆ," ಎಂದು ಮಾತ್ರ ಹೇಳಿದರು. ಅಂಗಡಿಯವನು ಒಳಗೆ ಹೋಗಿ ಹುಡುಕಿದ, ಸಕ್ಕರೆ ಇತ್ತು. ಮೂರು ತಿಂಗಳಿಂದ ಬಾರದಿದ್ದ ಲೈನ್‌ಮ್ಯಾನ್ ಬಂದು ಕಂಬದ ತಂತಿ ಬಿಗಿದು ಹೋದ. ಗ್ರಾಮಾಡಳಿತ ಅಧಿಕಾರಿ ರಸ್ತೆಯಲ್ಲಿ ಎದುರಾದಾಗ ತಾವೇ ಮೊದಲು ವಣಕ್ಕಂ ಹೇಳಿದರು. ಇದೆಲ್ಲ ಆದದ್ದು ಎರಡು ತಿಂಗಳಲ್ಲಿ. ಆಯೋಗ ಇನ್ನೂ ಕಡತ ತೆರೆದಿರಲಿಲ್ಲ. ಮಲ್ಲಪ್ಪನ್‌ಪಟ್ಟಿಯ ಮಟ್ಟಿಗೆ ಅದು ಅತ್ಯಂತ ಚುರುಕಾಗಿ ಕೆಲಸ ಮಾಡಿದ್ದು ಆ ಎರಡು ತಿಂಗಳಲ್ಲೇ ಎಂದು ಈಗಲೂ ಹೇಳುವವರಿದ್ದಾರೆ.

ಅತ್ತ ಕಡತ ತೆರೆಯಿತು. ವಿಚಾರಿಸಿ ಎಂಟು ವಾರದಲ್ಲಿ ವರದಿ ಕೊಡಿ ಎಂದು ದೆಹಲಿಯವರು ಚೆನ್ನೈಗೆ ಕಳಿಸಿದರು. ಚೆನ್ನೈಯವರು ಜಿಲ್ಲೆಗೆ ಕಳಿಸಿದರು. ಜಿಲ್ಲೆಯವರು ಅದಕ್ಕೊಂದು ಕಾಗದ ಸೇರಿಸಿ ಕೆಳಗೆ ಕಳಿಸಿದರು, ಅವರು ತಮ್ಮದೊಂದು ಸೇರಿಸಿ ಇನ್ನೂ ಕೆಳಗೆ. ಹೀಗೆ ದಪ್ಪವಾಗುತ್ತ ಬಂದ ಕಡತ, ಇದಕ್ಕಿಂತ ಕೆಳಗೆ ಮತ್ತೆ ಆಫೀಸಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಅದು ನಿಂತದ್ದು ಎಸ್ಐ ಎಳಿಲ್ ಅವರ ಮೇಜಿನ ಮೇಲೆ. 'ಸದರಿ ಠಾಣೆಯ ಎಸ್ಐ ಮೇಲಿನ ಆರೋಪವನ್ನು ಖುದ್ದಾಗಿ ವಿಚಾರಿಸಿ ವರದಿ ಸಲ್ಲಿಸುವುದು' ಎಂದು ಬರೆದಿತ್ತು. ಸದರಿ ಠಾಣೆಯ ಎಸ್ಐ ಯಾರೆಂಬುದು ಮೇಲಿನವರಿಗೆ ನೆನಪಿರಲಿಲ್ಲವೋ, ಚೆನ್ನಾಗಿ ನೆನಪಿತ್ತೋ ತಿಳಿಯದು.

ಒಂದು ಭಾನುವಾರ ಬೆಳಿಗ್ಗೆ ಎಸ್ಐ ಗೌಂಡರ ಮನೆಗೆ ಬಂದರು. ಲಕ್ಷ್ಮಣನ್ ಆ ದಿನ ಅಲ್ಲೇ ಇದ್ದ.

"ವಣಕ್ಕಂ ಅಯ್ಯಾ. ನಾನು ವಿಚಾರಣೆ ಅಧಿಕಾರಿ. ತಮ್ಮ ಮೇಲೆ ನಡೆದಿದೆ ಎನ್ನಲಾದ ಘಟನೆಯ ಬಗ್ಗೆ ವಿಚಾರಿಸಲು ಬಂದಿದ್ದೇನೆ."

ಗೌಂಡರು ಮುಖ ನೋಡಿದರು. ಅದೇ ಮೀಸೆ, ಬಲಗೈಯಲ್ಲಿ ಅದೇ ಉಂಗುರ. "ಸಾರ್, ಅವತ್ತು ಇದ್ದ ಎಸ್ಐ ನೀವೇ ಅಲ್ವಾ?"

"ಅವರು ಎದುರುದಾರರು. ನಾನು ವಿಚಾರಣೆ ಅಧಿಕಾರಿ."

ಇನ್ನೊಬ್ಬರಾಗಿದ್ದರೆ ನಗುತ್ತಿದ್ದರೋ, ಹೆದರುತ್ತಿದ್ದರೋ. ಗೌಂಡರು ನಂಬಿದರು. ಶಾಲೆಯ ಮೇಷ್ಟ್ರೇ ಚುನಾವಣೆಯ ದಿನ ಚುನಾವಣೆ ಅಧಿಕಾರಿಯಾಗಿ, ಗುರುತಿನವರ ಗುರುತೇ ಇಲ್ಲದಂತೆ ಕೂರುವುದನ್ನು ಅವರು ಕಂಡಿದ್ದರು. ಇದೂ ಹಾಗೆಯೇ ಇರಬೇಕು. ಅವರಿಗೆ ಧೈರ್ಯ ಬಂತು. ಚಾಪೆ ಹಾಸಿ, ತೋಟದ ಪನ್ನೀರ್ ಜಾತಿಯ ದ್ರಾಕ್ಷಿ ಒಂದು ತಟ್ಟೆ ತರಿಸಿ ಮುಂದಿಟ್ಟರು.

"ಹಂಗಾದ್ರೆ ಬಿಚ್ಚಿ ಹೇಳ್ತೀನಿ ಸಾರ್. ನೀವು ದಿಲ್ಲಿ ಕಡೆಯೋರು. ಆ ಎಸ್ಐ ಸರಿಯಿಲ್ಲ."

ಎಸ್ಐ ಬರೆದುಕೊಂಡರು: 'ಸದರಿ ಅಧಿಕಾರಿಯ ನಡತೆ ತೃಪ್ತಿಕರವಾಗಿರಲಿಲ್ಲ.' ಆಮೇಲೆ ಪಟ್ಟಿಯಲ್ಲಿದ್ದ ಮುಂದಿನ ಪ್ರಶ್ನೆ ಓದಿದರು. "ಅವರನ್ನು ಗುರುತಿಸಬಲ್ಲಿರಾ? ನೋಡಲು ಹೇಗಿದ್ದರು?"

"ನಿಮ್ಮಷ್ಟೇ ಎತ್ತರ. ಆದ್ರೆ ನಿಮ್ ಮುಖದಾಗಿರೋ ಕಳೆ ಅವ್ರ್ ಮುಖದಾಗೆ ಇರ್ಲಿಲ್ಲ."

ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯದೆ ಎಸ್ಐ ನೀರು ಕೇಳಿದರು. ಅಷ್ಟರಲ್ಲಿ ಅರ್ಧ ಬೀದಿ ಜಗಲಿಯ ಸುತ್ತ ಸೇರಿತ್ತು. ರಾಜಮ್ಮಾಳ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಏನಪ್ಪ, ಹೊಡೆದೋನು ನೀನೇ ತಾನೆ?" ಎಂದರು.

"ಅಜ್ಜಿ, ವಿಚಾರಣೆಗೆ ಅಡ್ಡಿ ಮಾಡಬಾರದು," ಎಂದರು ಎಸ್ಐ. "ಅಯ್ಯಾ, ಎಷ್ಟು ಏಟು?"

"ಎರಡು."

ಎಸ್ಐ ಪೆನ್ನು ಎತ್ತಿ ಹಿಡಿದರು. "ಒಂದು ಅಂತ ಹಾಕೋಣವೇ?"

ಅಲ್ಲಿಯವರೆಗೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಲಕ್ಷ್ಮಣನ್ ಎಚ್ಚರಗೊಂಡ. ಇಪ್ಪತ್ತೈದು ವರ್ಷ ನುಗ್ಗೇಕಾಯಿ, ಟೊಮೇಟೊ ಹರಾಜು ಹಾಕಿದವನು. "ಸಾರ್, ಇಳಿದದ್ದು ಎರಡು ಮೂಟೆ. ಚೀಟೀಲಿ ಒಂದು ಬರೆದ್ರೆ ಹೆಂಗೆ?"

"ಒಂದೂವರೆ ಅಂತ ಇಟ್ಟುಕೊಳ್ಳಿ. ಎರಡನೆಯದು ಪೂರ್ತಿ ಬಿದ್ದಿರಲಿಲ್ಲ. ಇವರು ಮುಖ ತಿರುಗಿಸಿದರು."

"ಅದು ವಿಚಾರಣೆ ಅಧಿಕಾರಿಗಳಿಗೆ ಹೆಂಗೆ ಗೊತ್ತು?"

ಎಸ್ಐ ಕಾಗದ ತಿರುವಿದರು. "ಎದುರುದಾರರ ಹೇಳಿಕೆ ಆಗಲೇ ತೆಗೆದುಕೊಂಡಿದ್ದೇನೆ. ನಿನ್ನೆ ಠಾಣೆಯಲ್ಲಿ. ನಾನು ಕೇಳಿದೆ, ಅವರು ಉತ್ತರ ಕೊಟ್ಟರು."

"ಪೂರ್ತಿ ಒಪ್ಪಿಕೊಂಡ್ರಾ?"

"ಮೊದಲು ಒಪ್ಪಲಿಲ್ಲ. ರಾತ್ರಿಯೆಲ್ಲ ಕೇಳಿದ ಮೇಲೆ ಒಂದೂವರೆಗೆ ಬಂದರು."

ನಾಗಮ್ಮಾಳ್ ಬಾಗಿಲಿಗೆ ಬಂದು ನಿಂತರು. "ಎರಡು ಅಂತ ಬರೀರಿ ಸಾರ್. ಮಾತಾಡಿದ್ದಕ್ಕೊಂದು, ಮಾತಾಡ್ದೇ ಇದ್ದದ್ದಕ್ಕೊಂದು."

ಹರಾಜು ಅಲ್ಲಿಗೆ ಮುಗಿಯಿತು. ಎಸ್ಐ 'ಎರಡು' ಎಂದು ಬರೆದರು. ಬರೆದದ್ದನ್ನು ತಾವೇ ಓದಿಕೊಂಡರು. "ಕೊಡುವಾಗ ಏನೂ ಅನ್ನಿಸಲ್ಲ ಅಯ್ಯಾ," ಎಂದರು, ಯಾರ ಮುಖವನ್ನೂ ನೋಡದೆ. "ಬರೆದರೆ ಕೆಟ್ಟದಾಗಿ ಕಾಣುತ್ತದೆ."

ಇನ್ನು ಸಾಕ್ಷಿ ಬೇಕಿತ್ತು. ಗೌಂಡರು ಇಸ್ಪೀಟು ಆಡುತ್ತಿರಲಿಲ್ಲವೆಂದು ಹೇಳಬಲ್ಲವರು ಆಡುತ್ತಿದ್ದವರು ಮಾತ್ರ. ಆದರೆ ತಾವು ಆಡೇ ಇಲ್ಲವೆಂದು ಆ ಏಳೂ ಮಂದಿ ಆಗಲೇ ಕೋರ್ಟಿನಲ್ಲಿ ಹೇಳಿ ಬಂದಿದ್ದರು. ಕರೆಸಿದಾಗ ಬಂದ ಮಾರಿಮುತ್ತು ತಲೆ ಕೆರೆದುಕೊಂಡು, ಬಹಳ ಯೋಚಿಸಿ ಹೇಳಿದ: "ನಾವು ಆಡ್ಲಿಲ್ಲ ಸಾರ್. ಆದ್ರೆ ನಾವು ಆಡ್ದೇ ಇದ್ದಾಗ ಅಣ್ಣ ನಮ್ ಜೊತೆ ಇರ್ಲಿಲ್ಲ."

"ಹಾಗಾದರೆ ಎಂಟನೆಯವನು ಯಾರು?"

"ಆಡ್ದೇ ಇದ್ದೋರಲ್ಲಿ ಎಂಟನೆಯೋನು ಯಾರು ಅಂತ ಹೆಂಗ್ ಸಾರ್ ಹೇಳಾದು?"

ಎಸ್ಐ ಅದನ್ನೂ ಬರೆದುಕೊಂಡರು. ನಾಗಮ್ಮಾಳ್ ಕೇಳಿದಂತೆ ಒಂದು ನಕಲಿಗೆ ಸಹಿ ಹಾಕಿ ಕೊಟ್ಟರು. ಮೋಟಾರಿನ ದೂರನ್ನೂ ಅಲ್ಲೇ ಬರೆಸಿಕೊಂಡು ಹೋದರು.

ತಿಂಗಳೊಳಗೆ ಕೇಸಿನಿಂದ ಗೌಂಡರ ಹೆಸರು ಹೋಯಿತು; ಎಂಟು ಎಂದಿದ್ದದ್ದು ಬರಹದ ತಪ್ಪು, ಏಳು ಎಂದು ಓದಿಕೊಳ್ಳತಕ್ಕದ್ದು ಎಂದು ಆಯಿತು. ತೈಪೂಸದಲ್ಲಿ ಗೌಂಡರು ವೇಲು ಹಿಡಿದು ಮುಂದೆ ನಡೆದರು. ಪಳನಿ ಬೆಟ್ಟ ಕಂಡಾಗ ಅವರು ಅತ್ತರೆಂದು ಹಿಂದಿನವರು ಹೇಳುತ್ತಾರೆ. ಬಿಸಿಲಿಗೆ ಕಣ್ಣಲ್ಲಿ ನೀರು ಬಂತೆಂದು ಅವರು ಹೇಳುತ್ತಾರೆ. ಮೋಟಾರು ಮಾತ್ರ ಸಿಗಲಿಲ್ಲ. ಅದು ಮಾನವನಲ್ಲವಾದ್ದರಿಂದ ಅದರ ಪರವಾಗಿ ಯಾರಿಗೂ ಬರೆಯುವಂತಿರಲಿಲ್ಲ.

ತೈಪೂಸ ಕಳೆದ ಮುಂದಿನ ಮಾಸಿ ತಿಂಗಳಲ್ಲಿ ದೆಹಲಿಯಿಂದ ಕೊನೆಯ ಕಾಗದ ಬಂತು. ಯುವಶ್ರೀ ತೇನಿಯಿಂದ ಬಂದು, ಜಗಲಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಓದಿದಳು. ಓದುತ್ತಾ ಅವಳ ಮುಖ ಕೆಂಪಾಯಿತು.

"ಏನಂತೆ?" ಎಂದರು ಗೌಂಡರು.

"ಕೇಸ್ ಮುಗೀತಂತೆ. ವಿಷಯ ಸೌಹಾರ್ದವಾಗಿ ತೀರ್ಮಾನ ಆಗಿದೆ, ದೂರುದಾರರು ತೃಪ್ತರು ಅಂತ. ಪೆರಿಯಪ್ಪ, ನಿಮಗೆ ಬಿದ್ದದ್ದು ಎಷ್ಟು?"

"ಎರಡು. ಬರೆಸಿದ್ವಲ್ಲ."

ಕಾಗದದ ಜೊತೆ ಕೆಳಗಿನಿಂದ ಮೇಲಕ್ಕೆ ಹೋದ ವರದಿಗಳ ನಕಲೆಲ್ಲ ಇತ್ತು. ಎಸ್ಐ ಎರಡು ಏಟು ಎಂದೇ ಬರೆದಿದ್ದರು. ಅವರ ಮೇಲಿನವರು ಅದನ್ನು ಓದಿ, ಒಂದು ಏಟು ಬಿದ್ದಿರುವ ಸಾಧ್ಯತೆ ಇದೆ ಎಂದಿದ್ದರು. ಅವರ ಮೇಲಿನವರ ಪ್ರಕಾರ, ಜನಸಂದಣಿಯಲ್ಲಿ ಕೈ ತಾಗಿರಬಹುದು. ಜಿಲ್ಲೆ ದಾಟುವಾಗ ಅದು, ದೂರುದಾರರ ಹೆಗಲನ್ನು ತಟ್ಟಿ ಕುಳ್ಳಿರಿಸಲಾಯಿತು ಎಂದಾಗಿತ್ತು. ಚೆನ್ನೈಯಿಂದ ಹೊರಡುವಾಗ ಅದಕ್ಕೆ 'ಆತ್ಮೀಯವಾಗಿ' ಎಂಬ ಪದ ಸೇರಿತ್ತು.

"ಯಾರು ಯಾರನ್ನ ತಟ್ಟಿದ್ದು?" ಎಂದರು ಗೌಂಡರು.

"ಅವರು ನಿಮ್ಮನ್ನ."

"ಹೋಗ್ಲಿ ಬಿಡು, ಪೇರು ಹೋಯ್ತಲ್ಲ," ಎಂದರು ಗೌಂಡರು. ಆದರೆ ಕೈ ತಾನಾಗಿ ಕೆನ್ನೆಯ ಮೇಲೆ ಹೋಗಿತ್ತು. ನಾಗಮ್ಮಾಳ್ ಒಳಗೆ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದರು. ಅರೆಯುವ ಸದ್ದು ನಿಂತಿತು.

ಅದೇ ಸಂಜೆ ಎಸ್ಐ ಎಳಿಲ್ ಬಂದರು. ದಿಂಡಿಗಲ್ ಕಡೆಗೆ ವರ್ಗವಾಗಿತ್ತಂತೆ, ಹೇಳಿ ಹೋಗಲು ಬಂದದ್ದು. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಬಂದರು. ಯುವಶ್ರೀ ಕಾಗದ ಮುಂದೆ ಹಿಡಿದಳು. ಅವರು ಓದಿದರು.

"ನಾನು ಎರಡು ಅಂತಲೇ ಬರೆದದ್ದಮ್ಮ," ಎಂದರು ಮೆಲ್ಲಗೆ. "ಮೇಲೆ ಹೋಗ್ತಾ ಹೋಗ್ತಾ ಕರಗಿದೆ."

ನಾಗಮ್ಮಾಳ್ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಈಗ ಬೇರೆ ಬೇರೆ ಊರಲ್ಲಿರುವ ಆರು ಮಕ್ಕಳಿಗೆ ರಾಗಿ, ಅಕ್ಕಿ, ಉದ್ದು ಎಲ್ಲ ಅರೆದ ಕೈ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಪಾಪ, ತಟ್ಟಾದಕ್ಕೂ ಹೊಡಿಯಾದಕ್ಕೂ ದಿಲ್ಲಿಯೋರಿಗೆ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿರೋರು ಹೇಳ್ಬೇಕು. ಸಾರ್, ಹಿಂಗ್ ಬಂದು ಜಗಲಿ ಮೇಲೆ ಕೂತ್ಕೊಳ್ಳಿ. ನಾನು ಎರಡು ಸಲ ಕೈ ಇಡ್ತೀನಿ, ಒಂದು ಹೆಗಲಿಗೆ, ಒಂದು ಕೆನ್ನೆಗೆ. ಯಾವ್ದು ಹೆಂಗಿತ್ತು ಅಂತ ನೀವೇ ಬರೆದು ಕೊಡಿ. ಹುಡ್ಗಿ ದಿಲ್ಲಿಗೆ ಕಳಿಸ್ತಾಳೆ."

ಎಸ್ಐ ಆ ಕೈಯನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಹೆಲ್ಮೆಟ್ ತಲೆಗೆ ಹಾಕಿಕೊಂಡು ಪಟ್ಟಿ ಬಿಗಿದರು. ಆಮೇಲೆ ಅದರೊಳಗಿನಿಂದ ಗೊಗ್ಗರು ದನಿಯಲ್ಲಿ, "ತೋರಿಸೋದು ಬೇಡಮ್ಮ, ಗೊತ್ತಿದೆ. ಒಂದು ಹಾಳೆ ಕೊಡಿ," ಎಂದರು.

ಯುವಶ್ರೀ ನೋಟುಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ಎಸ್ಐ ಜಗಲಿಯ ತುದಿಯಲ್ಲಿ, ನಾಗಮ್ಮಾಳರ ಕೈಗೆ ಎಟುಕದಷ್ಟು ದೂರದಲ್ಲಿ ಕೂತು ಬರೆದರು: 'ತಟ್ಟಿದ್ದಲ್ಲ, ಹೊಡೆದದ್ದು. ಎರಡು. ಹೊಡೆದವನು ನಾನೇ.' ಕೆಳಗೆ ಸಹಿ ಹಾಕಿ ತಾರೀಖು ಬರೆದರು. ನಾಗಮ್ಮಾಳ್ ಅದನ್ನು ಯುವಶ್ರೀಯಿಂದ ಎರಡು ಸಲ ಓದಿಸಿ, ಸರಿಯಾಗಿದೆ ಎಂದ ಮೇಲೆ ಕಾಫಿ ತಂದರು.

ಎಸ್ಐ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ, ಲೋಟವನ್ನು ಒಳಗೆ ತೂರಿಸಿಕೊಂಡು ಕಾಫಿ ಕುಡಿದರು.